ನೀಲಿ ನಂಬರ್ ಪ್ಲೇಟು

ಕಾರು ಓಡಿಸುತ್ತಿದ್ದವನು ಬ್ರಾನೆಕ್. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಬಹಳ ಜನ, ಬಹಳ ಸಭ್ಯವಾದ ಮಾತುಗಳಲ್ಲಿ, ಅದನ್ನು ಅಲ್ಲಗಳೆದರು.

ಬ್ರಾನೆಕ್ ದೆಹಲಿಯಲ್ಲಿರುವ ಒಂದು ಪುಟ್ಟ ಯುರೋಪಿಯನ್ ದೇಶದ ರಾಯಭಾರ ಕಚೇರಿಯಲ್ಲಿ ಫಸ್ಟ್ ಸೆಕ್ರೆಟರಿ. ಸಿಂಧೂರ ಅದೇ ಕಚೇರಿಯಲ್ಲಿ ದುಭಾಷಿ. ಅವಳ ಮನೆಯವರು ಚಿತ್ರದುರ್ಗದ ಕಡೆಯವರು, ಆದರೆ ಅವಳು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಈಶ್ವರಪ್ಪ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಅವಳು ಎಂ.ಎ.ಗೆ ಅಂತಾರಾಷ್ಟ್ರೀಯ ಸಂಬಂಧಗಳನ್ನೇ ಆರಿಸಿಕೊಂಡಿದ್ದಳು. ಮನುಷ್ಯರ ಹಾಗೆ ದೇಶಗಳೂ ಒಂದು ಸಮಾಜ ಕಟ್ಟಿಕೊಂಡಿವೆ, ಅದಕ್ಕೂ ರೀತಿನೀತಿ ಇದೆ, ಎಷ್ಟೇ ವೈರವಿದ್ದರೂ ದೂತನ ಮೈ ಮುಟ್ಟಬಾರದು ಎಂದು ಒಪ್ಪಿಕೊಂಡಲ್ಲಿಂದ ಅದು ಶುರುವಾಯಿತು ಎಂಬ ಮಾತು ಅವಳಿಗೆ ತುಂಬ ಇಷ್ಟವಾಗಿತ್ತು. ರಾಯಭಾರ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಪಾಠವೇ ಎದ್ದು ಬಂದು ಕೈ ಹಿಡಿದ ಹಾಗಾಯಿತು.

ಆ ಶನಿವಾರ ಸಂಜೆ ಒಂದು ಚಿತ್ರಪ್ರದರ್ಶನದ ಉದ್ಘಾಟನೆ. ಮುಗಿಸಿಕೊಂಡು ಹೊರಬಂದಾಗ ಬ್ರಾನೆಕ್ ಡ್ರೈವರ್ ಮನೋಜನ ಮುಂದೆ ಕೈ ಚಾಚಿದ.

"ಕೀ ಕೊಡು. ಇವತ್ತು ನಾನು ಓಡಿಸ್ತೀನಿ."

ಬಾಯಿಂದ ವೈನಿನ ವಾಸನೆ ಬರುತ್ತಿತ್ತು. ಮನೋಜ ಹಿಂಜರಿದ. "ಸರ್, ಟ್ರಾಫಿಕ್ ಜಾಸ್ತಿ ಇದೆ. ನಾನೇ..."

"ಕೀ," ಅಂದ ಬ್ರಾನೆಕ್, ನಗುತ್ತಲೇ.

ಮನೋಜ ಎಡಗಡೆ ಕೂತ. ಸಿಂಧೂರ ಹಿಂದಿನ ಸೀಟಿನಲ್ಲಿ. ಸರೋಜಿನಿ ನಗರದ ಮಾರ್ಕೆಟ್ಟಿನ ಹತ್ತಿರ ಜನ ರಸ್ತೆಗೇ ಇಳಿದು ನಡೆಯುತ್ತಿದ್ದರು. "ಸರ್, ಸ್ಲೋ, ಸ್ಲೋ," ಅಂತ ಮನೋಜ ಕೂಗಿದ. ಬ್ರಾನೆಕ್ ಮುಂದಿದ್ದ ಆಟೋವನ್ನು ಹಿಂದೆ ಹಾಕಲು ಹೋಗಿ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಬದಿಯಲ್ಲಿ ಹೋಗುತ್ತಿದ್ದವನಿಗೆ ಗುದ್ದಿದ. ಗಂಟು ಬಿಚ್ಚಿ ಕುರ್ತಾಗಳು ಬಾನೆಟ್ಟಿನ ಮೇಲೆಲ್ಲ ಹರಡಿಕೊಂಡವು. ಮನುಷ್ಯ ಕೆಳಗೆ ಬಿದ್ದಿದ್ದ.

ಸಿಂಧೂರ, ಮನೋಜ ಇಬ್ಬರೂ ಇಳಿದು ಓಡಿದರು. ಗೋಪಾಲ ಅಂತ ಅವನ ಹೆಸರು. ಫುಟ್‌ಪಾತಿನಲ್ಲಿ ಬಟ್ಟೆ ಮಾರುವವನು. ಬಲಗಾಲು ಮಂಡಿಯ ಕೆಳಗೆ ಹೇಗೆ ತಿರುಗಬಾರದೋ ಹಾಗೆ ತಿರುಗಿತ್ತು. ಮನೋಜ ಅವನನ್ನು ಎತ್ತಿ ಒಂದು ಆಟೋದಲ್ಲಿ ಮಲಗಿಸಿದ. ಬ್ರಾನೆಕ್ ಬಾಗಿಲಿಗೆ ಲಾಕ್ ಹಾಕಿಕೊಂಡು ಒಳಗೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಜನ ಗಾಜು ಬಡಿದರು. ಪೊಲೀಸ್ ಪೇದೆ ಬಂದ, ರಾಯಭಾರ ಕಚೇರಿಗಳ ಗಾಡಿಗಿರುವ ನೀಲಿ ನಂಬರ್ ಪ್ಲೇಟು ನೋಡಿದ, ಜನರನ್ನೇ ಹಿಂದಕ್ಕೆ ತಳ್ಳಿದ. ಕಚೇರಿಯ ಇನ್ನೊಂದು ಕಾರು ಬಂದು ಬ್ರಾನೆಕ್‌ನನ್ನು ಕರೆದುಕೊಂಡು ಹೋಯಿತು. ಗೋಪಾಲ ಬಿದ್ದಿದ್ದ ಜಾಗದತ್ತ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಸಿಂಧೂರಳಿಗೆ ಗೊತ್ತಾಯಿತು: ಮನೋಜ ಠಾಣೆಯಲ್ಲಿದ್ದಾನೆ. ಕಾರು ಓಡಿಸುತ್ತಿದ್ದವನು ಅವನೇ ಎಂದು ರಾಯಭಾರ ಕಚೇರಿ ಪೊಲೀಸರಿಗೆ ತಿಳಿಸಿದೆ.

ಅವಳು ಕೇಳುವ ಮೊದಲೇ ರಾಯಭಾರಿಯಿಂದ ಕರೆ ಬಂತು. ಆಕೆ ಬೆಳ್ಳಿಕೂದಲಿನ, ಮೆಲುದನಿಯ ಹೆಂಗಸು. ತಾನೇ ಚಹಾ ಬಗ್ಗಿಸಿ ಕೊಟ್ಟಳು.

"ನಿನಗೆ ತುಂಬ ಆಘಾತವಾಗಿರಬೇಕು. ಪೊಲೀಸರು ನಿನ್ನನ್ನೂ ಕೇಳಬಹುದು. ನೀನು ಹಿಂದೆ ಕೂತಿದ್ದೆ, ಫೋನ್ ನೋಡುತ್ತಿದ್ದೆ. ಯಾರು ಓಡಿಸುತ್ತಿದ್ದರೆಂದು ಗಮನಿಸಲಿಲ್ಲ. ಅಷ್ಟೇ ಅಲ್ಲವೇ?"

"ಇಲ್ಲ ಮೇಡಂ. ಬ್ರಾನೆಕ್ ಓಡಿಸುತ್ತಿದ್ದರು. ಕುಡಿದಿದ್ದರು."

ರಾಯಭಾರಿ ಕಪ್ಪನ್ನು ಮೆಲ್ಲಗೆ ತಟ್ಟೆಯ ಮೇಲಿಟ್ಟಳು. "ಬ್ರಾನೆಕ್‌ಗೆ ರಾಜತಾಂತ್ರಿಕ ರಕ್ಷಣೆ ಇದೆ. ನಿಮ್ಮ ಪೊಲೀಸರು ಹೇಗೂ ಅವರನ್ನು ಮುಟ್ಟುವಂತಿಲ್ಲ. ಹಾಗಿರುವಾಗ ಎರಡು ದೇಶಗಳಿಗೆ ಮುಜುಗರವಾಗುವ ಮಾತು ಯಾಕೆ?"

"ಆ ರಕ್ಷಣೆ ಬ್ರಾನೆಕ್ ಅವರ ಸ್ವಂತದ್ದಲ್ಲ ಮೇಡಂ, ನಿಮ್ಮ ದೇಶದ್ದು. ವ್ಯಕ್ತಿಗಳ ಲಾಭಕ್ಕಾಗಿ ಅಲ್ಲ ಅಂತ ರಾಯಭಾರಿಗಳ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ ಪೀಠಿಕೆಯಲ್ಲೇ ಇದೆ. ಬೇಡ ಅಂದರೆ ನಿಮ್ಮ ಸರ್ಕಾರ ಅದನ್ನು ತೆಗೆದುಬಿಡಬಹುದು."

"ಚೆನ್ನಾಗಿ ಓದಿದ್ದೀಯ," ಅಂದಳು ರಾಯಭಾರಿ. ನಗು ಮಾಸಿರಲಿಲ್ಲ. "ದೇಶಗಳೂ ಒಂದು ಕುಟುಂಬದ ಹಾಗೆ, ಸಿಂಧೂರ. ಕುಟುಂಬ ಅಂದಮೇಲೆ ಎಲ್ಲವನ್ನೂ ಬಾಯಿಬಿಟ್ಟು ಹೇಳಲಾಗುವುದಿಲ್ಲ."

"ಮನೋಜ ಯಾರ ಕುಟುಂಬದವನು ಮೇಡಂ?"

ಚಹಾ ಮುಟ್ಟದೆ ಅವಳು ಎದ್ದು ಬಂದಳು. ಕಾರಿಡಾರಿನಲ್ಲಿ ಬ್ರಾನೆಕ್ ಎದುರಾದ. "ಗುಡ್ ಮಾರ್ನಿಂಗ್," ಅಂದ. ಏನೂ ಆಗಿಯೇ ಇಲ್ಲವೇನೋ ಎಂಬ ಆ ದನಿ ಕೇಳಿ ಅವಳಿಗೆ ಅಲ್ಲೇ ನಿಂತು ಅವನ ಕಾಲರ್ ಹಿಡಿದು ಅಲುಗಾಡಿಸಬೇಕೆನಿಸಿತು. ಕಾನೂನಿಗೆ ಅವನ ಮೈ ಪವಿತ್ರ! ಗೋಪಾಲನ ಕಾಲಿಗೆ ಆ ಮಡಿ ಇಲ್ಲ, ಮನೋಜನ ಮಾನಕ್ಕಿಲ್ಲ.

ಮನೆಗೆ ಬಂದು ಹೇಳಿದಾಗ ಈಶ್ವರಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ ಕೂತರು.

"ನೋಡು ಪುಟ್ಟಿ, ಇದು ದೊಡ್ಡವರ ವಿಷಯ. ದೇಶ ದೇಶಗಳ ಮಧ್ಯೆ ನೀನು ಸಿಕ್ಕಿಹಾಕ್ಕೋಬೇಡ. ನಾನು ಇಷ್ಟು ವರ್ಷ ಸರ್ಕಾರದಲ್ಲಿ ನೋಡಿದೀನಿ. ಸಿಕ್ಕಿಹಾಕ್ಕೊಂಡೋರು ಚಿಕ್ಕೋರೇ."

"ಅದಕ್ಕೇ ಅಪ್ಪ! ಚಿಕ್ಕೋನು ಅಂತಲೇ ಅಲ್ವಾ ಮನೋಜನ್ನ ಹಿಡಿದು ಕೊಟ್ಟಿದ್ದು?"

"ಮೆತ್ತಗೆ ಮಾತಾಡು, ಪಕ್ಕದ ಮನೆಯೋರಿಗೆ ಕೇಳತ್ತೆ."

ಅಡುಗೆಮನೆಯಿಂದ ಸುಶೀಲಮ್ಮ ಈಚೆ ಬಂದರು. "ಕೇಳ್ಲಿ ಬಿಡಿ. ಮಗಳು ಕಳ್ಳತನ ಮಾಡಿದಾಳಾ? ಕಣ್ಣಲ್ಲಿ ಕಂಡಿದ್ದನ್ನ ಹೇಳ್ತಾಳೆ. ಅದಕ್ಕೂ ಯಾವುದೋ ದೇಶದ ಅಪ್ಪಣೆ ಬೇಕಾ?"

ಅಷ್ಟರಲ್ಲಿ ಮನೋಜನ ಫೋನ್ ಬಂತು. ಠಾಣೆಯಿಂದ ಜಾಮೀನಿನ ಮೇಲೆ ಬಿಟ್ಟಿದ್ದರು.

"ದೀದಿ, ಎಂಬೆಸಿಯ ವಕೀಲರು ಬಂದಿದ್ದರು. ಒಪ್ಪಿಕೋ, ಕೇಸು ನಾವು ನೋಡ್ಕೋತೀವಿ, ನಿನ್ನ ಕೆಲಸ ಹೋಗಲ್ಲ ಅಂದರು. ಮಕ್ಕಳು ಸ್ಕೂಲಿಗೆ ಹೋಗ್ತಿದಾರೆ. ನಾನು ಒಪ್ಪಿಕೊಂಡುಬಿಡ್ತೀನಿ."

"ಭಯ್ಯಾ, ನಿಮ್ಮ ಲೈಸೆನ್ಸ್ ಹೋಗತ್ತೆ. ನಾಳೆ ಯಾರು ನಿಮ್ಮ ಕೈಗೆ ಸ್ಟೀರಿಂಗ್ ಕೊಡ್ತಾರೆ? ನಿಮ್ಮ ಮಕ್ಕಳು ಅಪ್ಪ ಕುಡಿದು ಮನುಷ್ಯನ ಮೇಲೆ ಗಾಡಿ ಹತ್ತಿಸಿದ ಅಂತ ಕೇಳ್ತಾ ಬೆಳೀಬೇಕಾ?"

"ನೀವು ಹೇಳಿದರೆ ನಾನೂ ಹೇಳ್ತೀನಿ ದೀದಿ," ಅಂದ ಮನೋಜ.

ಮರುದಿನ ಅವಳು ಠಾಣೆಗೆ ಹೊರಟಾಗ ಬಾಗಿಲಲ್ಲಿ ಈಶ್ವರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. "ಒಬ್ಬಳೇ ಹೋಗ್ತೀಯೇನು? ನಡಿ," ಅಂದು ತಾವೇ ಮುಂದೆ ನಡೆದರು.

ಇನ್ಸ್‌ಪೆಕ್ಟರ್ ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟ. "ಮೇಡಂ, ಅವರು ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ನೀವು ಒಂದು ಇಡೀ ದೇಶವನ್ನು ಸುಳ್ಳು ಅಂತಿದೀರ."

"ದೇಶ ಕಾರು ಓಡಿಸುತ್ತಿರಲಿಲ್ಲ ಸರ್. ಒಬ್ಬ ಮನುಷ್ಯ ಓಡಿಸುತ್ತಿದ್ದ. ಗಾಡಿ ಗುದ್ದಿಸಿಕೊಂಡವನನ್ನು ಕೇಳಿದಿರಾ?"

ಕೇಳಿರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ! ಎರಡು ಸರ್ಕಾರಗಳ ನಡುವೆ ಗೌರವಪೂರ್ವಕ ವಂದನೆಗಳ ಪತ್ರಗಳು ಹೋಗಿಬಂದಿದ್ದವು. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಕಾಲು ತೂಗುಹಾಕಿಕೊಂಡು ಮಲಗಿದ್ದವನ ಹತ್ತಿರ ಒಂದು ಪ್ರಶ್ನೆಯೂ ಹೋಗಿರಲಿಲ್ಲ. ಈಶ್ವರಪ್ಪನವರ ಮುಖ ಕೆಂಪಾಯಿತು. ಮೆತ್ತಗೆ ಮಾತಾಡು ಅನ್ನುತ್ತಿದ್ದ ಮನುಷ್ಯ ಮೇಜಿನ ಮೇಲೆ ಅಂಗೈ ಬಡಿದರು. "ನಾನೂ ಸರ್ಕಾರದವನೇ ಸಾಹೇಬ್ರೇ! ನನಗೆ ನಾಚಿಕೆಯಾಗ್ತಿದೆ. ಬರ್ಕೊಳ್ಳಿ ಮೊದಲು!" ಅಂತ ಹಿಂದಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. ಅರ್ಥವಾಗದಿದ್ದರೂ ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡ.

ಸಿಂಧೂರ ಹೇಳಿಕೆ ಕೊಟ್ಟಳು. ಮನೋಜನೂ ಕೊಟ್ಟ. ಆಸ್ಪತ್ರೆಯಲ್ಲಿ ಗೋಪಾಲ, "ಸ್ಟೀರಿಂಗ್ ಹಿಂದೆ ಇದ್ದದ್ದು ಗೋರಾ ಸಾಹೇಬ್, ಆ ಬಿಳಿಯವರು. ಈ ಅಣ್ಣ ನನ್ನನ್ನು ಎತ್ತಿದವನು," ಅಂದ.

ಮನೋಜನ ಮೇಲಿನ ಕೇಸು ಬಿದ್ದುಹೋಯಿತು. ರಕ್ಷಣೆ ತೆಗೆಯಿರಿ ಎಂದು ನಮ್ಮ ಸರ್ಕಾರ ಕೇಳಿತು. ಸಾಧ್ಯವಿಲ್ಲ ಎಂದು ಅವರು ಬರೆದರು. ಬ್ರಾನೆಕ್ ಊರಿಗೆ ಹೊರಟ. ಅವನಿಗೆ ಲಾನಿನಲ್ಲಿ ಬೀಳ್ಕೊಡುಗೆ ನಡೆಯಿತು, ರಾಯಭಾರಿ ಹೂಗುಚ್ಛ ಕೊಟ್ಟಳಂತೆ. ಅಷ್ಟರಲ್ಲಿ ಸಿಂಧೂರ, ಮನೋಜ ಇಬ್ಬರ ಕೆಲಸವೂ ಹೋಗಿತ್ತು. ಮನೋಜ ಗುರುಗ್ರಾಮದಲ್ಲಿ ಟ್ಯಾಕ್ಸಿ ಓಡಿಸತೊಡಗಿದ. ಸಿಂಧೂರಳಿಗೆ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠದ ಕೆಲಸ ಸಿಕ್ಕಿತು.

ಅವಳು ಗೋಪಾಲನನ್ನು ನೋಡಲು ಹೋದಾಗ ಅವನು ಊರುಗೋಲು ಹಿಡಿದು ನಿಲ್ಲುವಷ್ಟಾಗಿದ್ದ.

"ದೀದಿ, ಅವರಿಗೆ ಏನು ಶಿಕ್ಷೆ ಆಯ್ತು?"

ಅವಳು ವಿವರಿಸಲು ನೋಡಿದಳು. ದೂತರು, ಒಪ್ಪಂದ, ರಕ್ಷಣೆ. ಎಲ್ಲವೂ ಸರಿಯಾಗಿಯೇ ಇತ್ತು, ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

"ಅಂದರೆ ಅವರು ಗುದ್ದಿದ್ದು ಗುದ್ದಿದ ಹಾಗಲ್ಲವಾ?" ಅಂದ ಗೋಪಾಲ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ತನ್ನ ಬಾಯಿಂದ ಬಂದ ಆ ನಯವಾದ ವಿವರಣೆಯ ಮೇಲೆ. ಮನೆಗೆ ಬಂದವಳೇ ಒಪ್ಪಂದವನ್ನು ಮತ್ತೆ ಓದಿದಳು. ಇಲ್ಲಿ ರಕ್ಷಣೆ ಇದ್ದರೂ ತನ್ನ ದೇಶದ ಕಾನೂನಿಗೆ ದೂತ ಹೊರತಲ್ಲ ಎಂದು ಅದರಲ್ಲೇ ಇತ್ತು. ಆ ದೇಶದ ವಕೀಲರಿಗೆ ಒಬ್ಬೊಬ್ಬರಿಗಾಗಿ ಮೇಲ್ ಬರೆದಳು. ಬಹಳ ಜನ ಉತ್ತರಿಸಲಿಲ್ಲ, ಒಬ್ಬ ಹೆಂಗಸು ಗೋಪಾಲನ ಪರ ಅಲ್ಲಿ ದಾವೆ ಹೂಡಲು ಒಪ್ಪಿಕೊಂಡಳು. ಅಲ್ಲಿನ ನ್ಯಾಯಾಲಯ ತಾನು ಕೇಳುವುದೋ ಬೇಡವೋ ಎಂದು ಒಂದು ವರ್ಷಕ್ಕೂ ಮಿಕ್ಕಿ ಯೋಚಿಸಿ, ಕೊನೆಗೆ ಕೇಳುತ್ತೇನೆ ಅಂದಿತು.

ವಿಚಾರಣೆ ವಿಡಿಯೋದಲ್ಲಿ. ಸಿಂಧೂರ ಸಾಕ್ಷಿಯಾದ್ದರಿಂದ ನ್ಯಾಯಾಲಯ ಬೇರೆ ದುಭಾಷಿಯನ್ನು ಗೊತ್ತುಮಾಡಿತ್ತು. ದೆಹಲಿಯ ಒಬ್ಬ ವಕೀಲರ ಕೋಣೆಯಲ್ಲಿ ಗೋಪಾಲ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಸಿಂಧೂರ, ಮನೋಜ ತಮ್ಮ ಸರದಿಗಾಗಿ ಪಕ್ಕದ ಕೋಣೆಯಲ್ಲಿದ್ದರು. ನಡುವಿನ ಗೋಡೆ ತೆಳ್ಳಗಿತ್ತು. ನ್ಯಾಯಾಧೀಶರ ಪ್ರಶ್ನೆಯನ್ನು ದುಭಾಷಿ ಹಿಂದಿಯಲ್ಲಿ ಹೇಳಿದಳು: ನಿಮಗೆ ಗಾಡಿ ಗುದ್ದಿದ ವ್ಯಕ್ತಿ ಪರದೆಯ ಮೇಲೆ ಇದ್ದಾರೆಯೇ?

"ಇದ್ದಾರೆ," ಅಂದ ಗೋಪಾಲ. "ಅವರಿಗೆ ಸ್ವಲ್ಪ ತಲೆ ಎತ್ತೋಕೆ ಹೇಳಿ."

ದುಭಾಷಿ ತಡವರಿಸಿದಳು. ಆ ಮಾತನ್ನು ನ್ಯಾಯಾಲಯಕ್ಕೆ ತಲುಪಿಸಬೇಕೋ ಬಿಡಬೇಕೋ ಅವಳಿಗೆ ತೋಚಲಿಲ್ಲ.

"ಹೇಳಿ ಮೇಡಂ," ಅಂದ ಗೋಪಾಲ, ಈ ಸಲ ಜೋರಾಗಿ. "ಹೇಳಿ ಅವರಿಗೆ."