ಅಡುಗೆಮನೆಯ ಸಿಗ್ನಲ್

"ಸ್ವಲ್ಪ ನೋವಾಗತ್ತೆ, ಹೆದರ್ಕೋಬೇಡಿ," ಎಂದ ದಂತವೈದ್ಯ, ಅಭ್ಯಾಸಬಲದಿಂದ. ಅವನ ಮುಂದೆ ರೋಗಿ ಇರಲಿಲ್ಲ, ಮನೆಯ ಎಸ್ಪ್ರೆಸೊ ಮೆಷಿನ್ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಪ್ಲಗ್ ಕಿತ್ತು, ಅದನ್ನು ಮಗ್ಗುಲಾಗಿ ಮಲಗಿಸಿ, ತಳದ ತಗಡು ಬಿಚ್ಚಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿದ್ದ.

"ಅದಕ್ಕೇನೂ ಆಗಲ್ಲ ರೀ, ನೋವಾಗೋದು ನಮಗೆ," ಎಂದಳು ಹೆಂಡತಿ. "ಹೋದ ಸಲ ಮಿಕ್ಸಿ ಬಿಚ್ಚಿದ್ರಿ, ಇವತ್ತಿಗೂ ಅದು ಡಬ್ಬದಲ್ಲಿದೆ. ಇದೂ ಹಾಗಾದ್ರೆ ಅಪ್ಪ ಬೆಳಿಗ್ಗೆ ಹೊರಟೇಬಿಡ್ತಾನೆ, ನೋಡ್ತಿರಿ."

ಅವಳ ಅಪ್ಪ ನಿವೃತ್ತಿಯಾಗುವವರೆಗೂ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದವರು. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಾಗ, "ಅಳಿಯನ ಮನೇಲಿ ಸುಮ್ನೆ ಕೂತು ತಿನ್ನೋನಲ್ಲ ನಾನು," ಎಂದು ಹೇಳಿ, ಬೆಳಗಿನ ಕಾಫಿಯನ್ನು ತಮ್ಮ ಡ್ಯೂಟಿ ಮಾಡಿಕೊಂಡಿದ್ದರು. ನೀರು ಕಾದಾಗ ಮೆಷಿನ್ನಿನ ಮುಖದ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಮಾವ ಗುಂಡಿ ಒತ್ತುತ್ತಿದ್ದರು. ಈಗ ಆ ದೀಪ ಕೆಟ್ಟಿತ್ತು. ನೀರೇನೋ ಕಾಯುತ್ತಿತ್ತು, ಹಬೆಯೂ ಬರುತ್ತಿತ್ತು. ಆದರೆ ಮಾವ ಕೈಕಟ್ಟಿ ನಿಂತುಬಿಟ್ಟರು. "ದೀಪ ಹತ್ತದ ಸಿಗ್ನಲ್ ಅಂದ್ರೆ ಕೆಂಪು ಅಂತಲೇ ಲೆಕ್ಕ. ದಾಟಂಗಿಲ್ಲ."

ಮಗಳು ತಾನೇ ಗುಂಡಿ ಒತ್ತಿ ಕಾಫಿ ತಂದುಕೊಟ್ಟಳು. ಗಾಯದ ಮೇಲೆ ಬರೆ ಎಳೆದಂತಾಯಿತು. ಡ್ಯೂಟಿ ಇಲ್ಲದ ಮನೆಯಲ್ಲಿ ತನಗೇನು ಕೆಲಸ ಎಂದು ಮಾವ ತಮ್ಮ ತಂಗಿಯ ಮನೆಗೆ ಹೊರಡಲು ಪೆಟ್ಟಿಗೆ ಕಟ್ಟಿದರು.

ಗಾದೆ ಹೇಳುತ್ತದೆ, ಅಳಿಯ ಅಲ್ಲ ಮಗಳ ಗಂಡ ಎಂದು. ಮಾವ ಅವನನ್ನು ನೋಡುತ್ತಿದ್ದದ್ದು ಆ ಗಾದೆಯ ಅಕ್ಷರಾರ್ಥದಲ್ಲೇ, ಮಗಳ ಗಂಡ ಅಷ್ಟೇ. ಅವನಿಗೆ ಮಾತ್ರ ಆ ಮುದುಕರ ಮೇಲೆ ನಿಜವಾದ ಪ್ರೀತಿ. ಹಾಸ್ಟೆಲ್ಲಿನಲ್ಲೇ ಬೆಳೆದವನು. ಬೆಳಿಗ್ಗೆ ಎದ್ದರೆ ಕೈಗೆ ಬಿಸಿ ಕಪ್ಪು ಕೊಡುವ ಹಿರಿಯರು ಅವನಿಗೆ ಸಿಕ್ಕಿದ್ದು ಇದೇ ಮೊದಲು. ಅದನ್ನು ಹೇಳಿಬಿಟ್ಟಿದ್ದರೆ ಪೆಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಆದರೆ ದಿನವಿಡೀ ಊರವರ ಬಾಯಿ ತೆರೆಸುವವನಿಗೆ ತನ್ನ ಬಾಯಿ ತೆರೆಯಲು ಬರುತ್ತಿರಲಿಲ್ಲ. ಅದಕ್ಕೇ ಇಕ್ಕಳ ಹಿಡಿದು ಕೂತಿದ್ದ.

ಕೆಟ್ಟ ದೀಪ ಹೊರಗೆ ಬಂತು. ಬೆಳಕಿಗೆ ಹಿಡಿದು, "ಬೇರು ಸಮೇತ ಬಂತು," ಎಂದು ಹಿಗ್ಗಿದ. ಅಂಗಡಿಯಿಂದ ತಂದಿದ್ದ ಹೊಸದನ್ನು ತೂತಿನಲ್ಲಿ ಕೂರಿಸಿ, ಎರಡು ವೈರುಗಳನ್ನು ಸಿಕ್ಕಿಸಿ, ತಗಡು ಮುಚ್ಚಿ, ಮೆಷಿನ್ನನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ ಹಾಕಿದ. ಮಾವನನ್ನೂ ಕರೆದ. ನೀರು ಗುಡುಗುಡು ಅಂದಿತು. ದೀಪ ಹತ್ತಿತು.

ಕೆಂಪು ದೀಪ.

"ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. "ಅಂಗಡೀಲಿ ಕಣ್ಣು ಎಲ್ಲಿಟ್ಟಿದ್ರಿ?"

"ಹಸಿರು ತರಿಸ್ಬೇಕು, ತಡ ಆಗತ್ತೆ ಅಂದ ಕಣೇ ಅಂಗಡಿಯವ. ದೀಪ ಅಂದ್ರೆ ದೀಪ ತಾನೇ, ಹತ್ತಿದ್ರೆ ಸಾಕು ಅಂದ್ಕೊಂಡೆ."

"ಇಷ್ಟು ದಿನ ಅನುಮಾನ ಇತ್ತು," ಎಂದರು ಮಾವ. "ಈಗ ಖಾತ್ರಿ ಆಯ್ತು." ಕೋಣೆಗೆ ಹೋಗಿ ಪೆಟ್ಟಿಗೆಗೆ ಹಗ್ಗವನ್ನೂ ಬಿಗಿದರು.

ಹೆಂಡತಿ ದೀಪಕ್ಕೆ ತನ್ನ ಹಸಿರು ನೇಲ್ ಪಾಲಿಶ್ ಬಳಿದಳು. ಅದು ಕೊಳೆತ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮಾವ ಬಾಗಿಲಿನಿಂದಲೇ ಇಣುಕಿ, "ಇಂಥ ಸಿಗ್ನಲ್ ಯಾವ ಲೈನಲ್ಲೂ ಇಲ್ಲ," ಎಂದು ತೀರ್ಪು ಕೊಟ್ಟರು. ಬಳಿದದ್ದನ್ನು ಒರೆಸಿದ್ದಾಯಿತು.

ಬೆಳಿಗ್ಗೆ ಮಾವ ಬೂಟು ಹಾಕಿ, ಪೆಟ್ಟಿಗೆ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದರು. ಅಳಿಯ ಅಡ್ಡ ಬಂದು ನಿಂತ. ಹೇಳಬೇಕಾದ್ದು ಗಂಟಲಿನವರೆಗೆ ಬಂದು, ಬೇರೆಯೇ ಮಾತಾಗಿ ಹೊರಬಿತ್ತು.

"ಮಾವ, ಸಿಗ್ನಲ್ ಕೆಟ್ಟೋದ್ರೆ ರೈಲು ಅಲ್ಲೇ ನಿಂತು ತುಕ್ಕು ಹಿಡಿಯತ್ತಾ?"

ಮಾವನಿಗೆ ರೇಗಿತು. "ಯಾಕ್ರೀ ತುಕ್ಕು ಹಿಡಿಯತ್ತೆ? ನಾವೇನು ಕತ್ತೆ ಕಾಯ್ತಿದ್ವಾ? ಜವಾಬ್ದಾರಿ ಇರೋ ಮನುಷ್ಯ ಒಬ್ಬ ಪಕ್ಕದಲ್ಲಿ ನಿಂತು ಹಸಿರು ಬಾವುಟ ತೋರಿಸ್ತಾನೆ. ಆಮೇಲೆ ಹೋಗ್ಬಹುದು." ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಜವಾಬ್ದಾರಿ ಇರೋ ಮನುಷ್ಯ," ಎಂದು ಒತ್ತಿ ಹೇಳಿದರು.

ಅವನು ಒಳಗೆ ಓಡಿದ. ಕ್ಲಿನಿಕ್ಕಿನ ಚೀಲ ತಡಕಾಡಿ, ರೋಗಿಗಳ ಎದೆಯ ಮೇಲೆ ಹಾಸುವ ಹಸಿರು ಬಟ್ಟೆ ಹಿಡಿದು ಬಂದ. "ಒಗೆದಿದ್ದು ಮಾವ," ಎನ್ನುತ್ತ ಮೆಷಿನ್ನಿನ ಪಕ್ಕದಲ್ಲಿ ನಿಂತು, ಕೆಂಪು ದೀಪ ಹತ್ತಿದ ಕೂಡಲೇ ಬಟ್ಟೆ ಎತ್ತಿದ.

ಮಾವ ಹೊಸ್ತಿಲಿನಿಂದಲೇ ಕತ್ತು ಚಾಚಿ ನೋಡಿದರು.

"ಅಷ್ಟು ಕೆಳಗೆ ಹಿಡಿದ್ರೆ ಡ್ರೈವರ್‌ಗೆ ಏನು ಕಾಣತ್ತೆ, ಮಣ್ಣು? ಕೈ ನೆಟ್ಟಗಿರಲಿ."

ಕೈ ನೆಟ್ಟಗಾಯಿತು. ಮಾವ ಪೆಟ್ಟಿಗೆ ಕೆಳಗಿಟ್ಟರು. ಬೂಟು ಬಿಚ್ಚಿ, ಕೈ ತೊಳೆದು ಬಂದು, ಗುಂಡಿ ಒತ್ತಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ತಡವಾಗಿ ಎದ್ದರೆ ಡಾಕ್ಟರಿಗೆ ಬೈಗುಳ. "ಗಾಡಿ ಕಾಯ್ತಾ ಇದೆ, ಬಾವುಟದವರು ಇನ್ನೂ ಹಲ್ಲುಜ್ಜುತ್ತಾ ಇದ್ದಾರೆ!" ತಲೆ ಕೆದರಿಕೊಂಡು, ಪೈಜಾಮ ಎಳೆದುಕೊಳ್ಳುತ್ತ ಅವನು ಓಡಿಬರುತ್ತಿದ್ದ. ಬದುಕಿನಲ್ಲಿ ಇಷ್ಟು ಖುಷಿಯಾಗಿ ಯಾರಿಂದಲೂ ಬೈಸಿಕೊಂಡಿರಲಿಲ್ಲ.

ಕೊನೆಗೂ ಅಂಗಡಿಗೆ ಹಸಿರು ದೀಪ ಬಂತು. ಸಂಜೆ ಅದನ್ನು ತಂದು, ರಜೆಯ ದಿನ ಹಾಕಿದರಾಯಿತು ಎಂದು ಪೊಟ್ಟಣವನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟ. ಇಡುವಾಗ ಯಾಕೋ ಮನಸ್ಸು ಪಿಚ್ಚೆಂದಿತು. ಮಾವ ಅದನ್ನು ನೋಡಿದರು.

ಬೆಳಿಗ್ಗೆ ಕಿಟಕಿ ಖಾಲಿ. ಡಬ್ಬಗಳ ಹಿಂದೆ ಹುಡುಕಿದ, ಬಗ್ಗಿ ನೆಲ ನೋಡಿದ.

"ಮಾವ, ಇಲ್ಲೊಂದು ಪೊಟ್ಟಣ ಇಟ್ಟಿದ್ದೆ..."

"ಡ್ಯೂಟಿ ಟೈಮಲ್ಲಿ ಹರಟೆ ಬೇಡ ಅಳಿಯಂದ್ರೇ," ಎಂದರು ಮಾವ, ಗುಂಡಿಯಿಂದ ಕಣ್ಣು ತೆಗೆಯದೆ. "ಬಾವುಟ."

ಅವನು ಬಾವುಟ ಎತ್ತಿದ, ಕೈ ನೆಟ್ಟಗೆ. ಮಾವ ಬಾಗಿದಾಗ ಅಂಗಿಯ ಜೇಬಿನಿಂದ ಪೊಟ್ಟಣದ ಅಂಚು ಇಣುಕಿತು. ಒಂದು ಕೈಯಲ್ಲಿ ಅದನ್ನು ಒಳಕ್ಕೆ ತಳ್ಳಿ, ಇನ್ನೊಂದರಲ್ಲಿ ಅವರು ಗುಂಡಿ ಒತ್ತಿದರು. ಕಾಫಿ ಇಳಿಯಿತು. ಮೊದಲ ಕಪ್ಪು ಬಾವುಟದವನ ಕೈಗೆ ಬಂತು.