ಎರಡು ಕೆಮ್ಮು

ಲಾಂಡ್ರಿಯ ಮ್ಯಾನೇಜರ್ ಕೋಣೆಯಲ್ಲಿ ಇದ್ದದ್ದು ಮೂರೇ ಜನ. ಮೇಜಿನಾಚೆ ಮ್ಯಾನೇಜರ್, ಈಚೆ ಮಾನವಶಾಸ್ತ್ರ ಓದುವ ಹುಡುಗಿ, ಬಾಗಿಲ ಬಳಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತ, ಲಾಂಡ್ರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಳೆಯ ಕೆಲಸದಾಕೆ. ಮೇಜಿನ ಮೇಲೆ ಹುಡುಗಿಯೇ ಬರೆದ ಪ್ರಬಂಧ, ಅದರ ನಡುವೆ ಒಂದು ಕೆಂಪು ಚೀಟಿ. ಚೀಟಿ ಇಟ್ಟ ಪುಟ ಯಾವುದೆಂದು ಅವಳಿಗೆ ನೋಡಿದೊಡನೆ ತಿಳಿಯಿತು.

ಅವಳು ಕಲಿಯುತ್ತಿದ್ದ ವಿದ್ಯೆಯೇ ಹಾಗೆ. ಅದರಲ್ಲಿ ಕೆಲವರು ಮೂಳೆ ಅಳೆಯುತ್ತಾರೆ, ಕೆಲವರು ಮಣ್ಣು ಅಗೆದು ಮಡಕೆಚೂರು ಹುಡುಕುತ್ತಾರೆ, ಕೆಲವರು ಭಾಷೆಗಳ ಬೆನ್ನು ಹತ್ತುತ್ತಾರೆ. ಮೂಳೆ ಮಡಕೆಗಳೇ ವಾಸಿ, ಅವುಗಳ ಬಗ್ಗೆ ಏನು ಬರೆದರೂ ಅವುಗಳ ಕೆಲಸ ಹೋಗುವುದಿಲ್ಲ. ಇವಳದು ಬದುಕಿರುವವರ ನಡುವೆ ಬದುಕಿ, ಅವರ ಹಾಗೇ ದುಡಿದು, ಕಂಡದ್ದನ್ನು ಬರೆಯುವ ಶಾಖೆ. ಎಂಟು ತಿಂಗಳು ಇದೇ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸುಬಟ್ಟೆ ಮಡಿಸಿದ್ದಳು, ದೊಡ್ಡಮ್ಮನ ಮನೆಯಲ್ಲೇ ಉಂಡು ಮಲಗಿದ್ದಳು. ಹೆಂಗಸರು ಅವಳಿಗೆ 'ಬರಿಯೋಳು' ಎಂದು ಹೆಸರಿಟ್ಟು, ಪಾಪ, ಏನನ್ನೂ ಮುಚ್ಚಿಡದೆ ಹೇಳಿದ್ದರು.

ಹಾಗೆ ಹೇಳಿದ್ದರಲ್ಲಿ ಕೆಮ್ಮಿನ ಸಂಗತಿಯೂ ಒಂದು. ಇಸ್ತ್ರಿ ಮಾಡುವ ಕಾದ ಉರುಳೆಯ ಯಂತ್ರಕ್ಕೆ ಬಟ್ಟೆ ಕೊಟ್ಟೂ ಕೊಟ್ಟೂ ಬೆರಳು ಉರಿಯತೊಡಗಿದಾಗ ಒಬ್ಬಾಕೆ ಎರಡು ಸಲ ಕೆಮ್ಮುತ್ತಾಳೆ. ಕೂಡಲೇ ಸಾಲಿನವರೆಲ್ಲ ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ಒಂದು ಮೊಳ ಜಾಗ ಬಿಡುತ್ತಾರೆ. ಯಂತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ, ಮ್ಯಾನೇಜರಿಗೆ ತಿಳಿಯದಂತೆ ಬೆರಳುಗಳಿಗೆ ಒಂದಿಷ್ಟು ಬಿಡುವು ಸಿಗುತ್ತದೆ.

ಹುಡುಗಿ ಪ್ರಬಂಧದಲ್ಲಿ ಆ ಕೆಮ್ಮುವಾಕೆಯ ಹೆಸರು ಬದಲಿಸಿದ್ದಳು, ವಯಸ್ಸು ಬದಲಿಸಿದ್ದಳು, ಬೀದಿಯನ್ನೂ ಬದಲಿಸಿದ್ದಳು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದು ಮೇಷ್ಟ್ರು ಕಲಿಸಿದ್ದರಲ್ಲ! ಕೆಮ್ಮುವ ಮುಂಚೆ ಆಕೆ ಸುಟ್ಟ ಕಿರುಬೆರಳನ್ನು ಎಡಗಿವಿಯ ಹಾಲೆಗೆ ಒತ್ತಿಕೊಳ್ಳುವುದನ್ನು ಒಂದಕ್ಷರ ಬಿಡದೆ ಬರೆದಿಟ್ಟಿದ್ದಳು. ಅಧ್ಯಯನಕ್ಕೆ ನೆರವಾದವರಿಗೆ ಒಂದು ಪ್ರತಿ ಕೊಡುವುದು ಮರ್ಯಾದೆ ಎಂದು ಹೇಳಿದವರೂ ಮೇಷ್ಟ್ರೇ. ಹೆಂಗಸರಿಗೆಂದು ಅವಳು ಗೇಟಿನಲ್ಲಿ ಕೊಟ್ಟು ಹೋದ ಪ್ರತಿ ನೆಟ್ಟಗೆ ಈ ಮೇಜಿಗೆ ಬಂದಿತ್ತು. ಇಷ್ಟು ಓದಿದವಳಿಗೆ ಅಷ್ಟು ಹೊಳೆದಿರಲಿಲ್ಲ.

ಮ್ಯಾನೇಜರ್ ಆ ಪುಟವನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದ. ಎರಡು ದಿನ ಗಾಜಿನ ಹಿಂದೆ ನಿಂತು ನೋಡಿದ್ದೇನೆ, ಒಬ್ಬರ ಮೇಲೆ ಅನುಮಾನವಿದೆ, ಆದರೆ ಬರೀ ಅನುಮಾನದ ಮೇಲೆ ಯಾರನ್ನೂ ಕೆಲಸದಿಂದ ತೆಗೆಯುವವನು ನಾನಲ್ಲ ಎಂದ. ಮಾತೇನೋ ಬೆಣ್ಣೆಯಂತಿತ್ತು.

"ಹೆಸರು ಸುಳ್ಳು ಅಂತ ನೀವೇ ಬರ್ದಿದೀರಿ ಮೇಡಂ. ಹೆಂಗಸು ನಿಜ ತಾನೇ?"

ಹುಡುಗಿ ಬಾಗಿಲ ಕಡೆ ತಿರುಗಲಿಲ್ಲ. ತಿರುಗಿದರೆ ಅದೇ ಉತ್ತರವಾಗಿಬಿಡುತ್ತಿತ್ತು. ದೊಡ್ಡಮ್ಮನದು ಇಪ್ಪತ್ತಾರು ವರ್ಷದ ಕೆಲಸ, ಈ ವಯಸ್ಸಿನಲ್ಲಿ ಆಕೆಯನ್ನು ಬೇರೆ ಯಾರೂ ಸೇರಿಸಿಕೊಳ್ಳುವುದಿಲ್ಲ.

"ಹೆಂಗಸೂ ಸುಳ್ಳೇ ಸರ್. ಪ್ರಬಂಧ ಚೆನ್ನಾಗಿ ಕಾಣ್ಲಿ ಅಂತ ನಾನೇ ಕಟ್ಟಿ ಬರ್ದೆ."

ಮ್ಯಾನೇಜರ್ ನಕ್ಕು ಒಂದು ಬಿಳಿ ಹಾಳೆಯನ್ನು ಮುಂದೆ ತಳ್ಳಿದ. ಅದನ್ನೇ ಬರೆದು ಸಹಿ ಹಾಕಿಕೊಡಿ, ಒಂದು ನಕಲು ನಿಮ್ಮ ಮೇಷ್ಟ್ರಿಗೂ ಹೋಗಲಿ ಎಂದ. ಸೋಮವಾರ ಅವಳ ಪ್ರಬಂಧದ ಪರೀಕ್ಷೆ. ಇಲ್ಲದ್ದನ್ನು ಕಟ್ಟಿ ಬರೆದವಳಿಗೆ ಪದವಿಯೂ ಇಲ್ಲ, ಮುಂದೆ ಆ ವಿದ್ಯೆಯ ಹೊಸ್ತಿಲೂ ಇಲ್ಲ. ಯಾವ ಹುಡುಗಿಯೂ ಇದಕ್ಕೆ ಸಹಿ ಹಾಕಲಾರಳೆಂದು ಗೊತ್ತಿದ್ದೇ ಅವನು ಪೆನ್ನು ಕೊಟ್ಟಿದ್ದ.

ಅವಳು ಪೆನ್ನು ತೆಗೆದುಕೊಂಡಳು. ಓದಿದ ಐದು ವರ್ಷ ಕಣ್ಣ ಮುಂದೆ ಬಂದು ಹೋಯಿತು. ಸೊಟ್ಟ ಅಕ್ಷರದಲ್ಲಿ ಮೂರು ಸಾಲು ಬರೆದು ಸಹಿ ಹಾಕಿದಳು. ಮ್ಯಾನೇಜರ್ ಎರಡು ಸಲ ಓದಿ, ಮುಖ ಗಂಟಿಕ್ಕಿಕೊಂಡು ಹಾಳೆಯನ್ನು ಡ್ರಾಯರಿಗೆ ಹಾಕಿದ. ನಾಳೆಯಿಂದ ಯಂತ್ರದ ಪಕ್ಕ ಒಬ್ಬ ಸೂಪರ್‌ವೈಸರ್ ಕಿವಿ ತೆರೆದು ನಿಲ್ಲುತ್ತಾನೆ ಎಂದು ಹೇಳಿ ಇಬ್ಬರನ್ನೂ ಕಳಿಸಿದ.

ದೊಡ್ಡಮ್ಮ ಗೇಟಿನವರೆಗೂ ಬಂದಳು. ಈಗ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳು ಹುಡುಗಿ. ದೊಡ್ಡಮ್ಮ ಒಂದು ಮಾರು ದೂರದಲ್ಲೇ ನಿಂತಳು.

"ನನ್ನ ಕೆಲಸ ಉಳಿಸ್ದೆ, ಅದನ್ನ ಮರೆಯಲ್ಲ ಕಣೇ. ಆದ್ರೆ ಆ ಕೆಮ್ಮು ಹನ್ನೊಂದು ಜನದ್ದು. ಅದನ್ನ ನೀನು ಅವನ ಕೈಗೆ ಕೊಟ್ಬಿಟ್ಟೆ."

ಹುಡುಗಿ ತಪ್ಪಾಯಿತು ಎಂದಳು. ಇನ್ನು ಏನು ಮಾಡುತ್ತೀರಿ ದೊಡ್ಡಮ್ಮ ಎಂದು ಕೇಳಿದಳು.

"ಬೇರೆ ಏನಾದ್ರೂ ಮಾಡ್ಕೋತೀವಿ. ನಿನಗೆ ಮಾತ್ರ ಹೇಳಲ್ಲ."

ಅಷ್ಟು ಹೇಳಿ ಆಕೆ ಒಳಗೆ ಹೋದಳು. ಹುಡುಗಿಗೆ ಅಲ್ಲಿಂದ ಕಾಲೇ ಕೀಳಲಾಗಲಿಲ್ಲ. ತೆರೆದ ಕಿಟಕಿಯಲ್ಲಿ ದೊಡ್ಡಮ್ಮ ಒಬ್ಬೊಬ್ಬರ ಕಿವಿಗೆ ಬಗ್ಗುತ್ತ ಸಾಲಿನ ಉದ್ದಕ್ಕೂ ಹೋಗಿ ತನ್ನ ಜಾಗದಲ್ಲಿ ನಿಂತದ್ದು ಕಂಡಿತು. ಬಟ್ಟೆಗಳು ಒಂದರ ಬಾಲಕ್ಕೊಂದು ಅಂಟಿದಂತೆ ಯಂತ್ರದೊಳಗೆ ಹೋಗುತ್ತಿದ್ದವು. ತುಸು ಹೊತ್ತಿಗೆ ಅವುಗಳ ನಡುವೆ ಮೊಳದುದ್ದ ಜಾಗ ಕಾಣಿಸಿತು. ಯಾರೂ ಕೆಮ್ಮಲಿಲ್ಲ, ಯಾರ ಕೈಯೂ ಕಿವಿಗೆ ಹೋಗಲಿಲ್ಲ. ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಗುರುತು ಯಾವುದೆಂದು ಗೊತ್ತಾಗಲಿಲ್ಲ. ತನಗೆ ಹೇಳದಿದ್ದರೂ, ಸದ್ಯ ಬೆರಳುಗಳು ಉಳಿದವಲ್ಲ ಎಂದು ಸಮಾಧಾನವಾಯಿತು. ಅಷ್ಟರಲ್ಲಿ ದೊಡ್ಡಮ್ಮ ಕಿಟಕಿಗೆ ಬಂದು, ಅವಳನ್ನು ನೋಡಿಯೇ, ಅದರ ಬಾಗಿಲೆಳೆದು ಚಿಲಕ ಹಾಕಿದಳು.