ವಂದನಾ ಟೀಚರ ಮಗಳು ಯಾವ ಶಾಲೆಗೆ?

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಮುಂಬಯಿ ಕಥೆಯೆಂದರೆ ಲೋಕಲ್ ಟ್ರೇನಿನ ನೂಕುನುಗ್ಗಲಿನಿಂದ ಶುರುಮಾಡುವುದು ವಾಡಿಕೆ. ಕಥೆಗಾರನೂ ಹಾಗೆಯೇ ಒಂದು ಪುಟ ಬರೆದ. ಆಮೇಲೆ ಹೊಳೆಯಿತು: ವಂದನಾ ಇರುವುದು ಗೋರೆಗಾಂವಿನಲ್ಲಿ, ಕಲಿಸುವುದು ವಿಕ್ರೋಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ, ಹೋಗಿಬರುವುದು ಬಸ್ಸಿನಲ್ಲಿ. ಪುಟ ಹರಿದು ಹಾಕಿದ. (ಅದೂ ಸುಳ್ಳು. ಡಿಲೀಟ್ ಒತ್ತಿದ. ಹರಿಯುವುದರಲ್ಲಿ ಒಂದು ಗತ್ತಿದೆ, ಅಷ್ಟೆ.)

೨

ಹಾಗಾದರೆ ಬ್ಯಾನರಿನಿಂದಲೇ ಶುರುವಾಗಲಿ. ಕನ್ನಡ ಸಂಘದ ಹಾಲಿನಲ್ಲಿ ಅದನ್ನು ಕಟ್ಟಿದ್ದರು: ‘ಖಾಸಗಿ ಶಾಲೆಗಳನ್ನು ಸರ್ಕಾರ ನಿಷೇಧಿಸಬೇಕೇ? ಚರ್ಚೆ. ನಂತರ ಊಟ.’

ನಿಷೇಧಿಸಲೇಬೇಕು ಎಂದು ವಾದಿಸುವವನು ವಂದನಾಳ ಗಂಡ, ಸಂಘದ ಕಾರ್ಯದರ್ಶಿ ಶಶಿಕಾಂತ. ಅವನ ಒಬ್ಬಳೇ ಮಗಳು ಆರೋಹಿ ಗೋರೆಗಾಂವಿನ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಎರಡನೇ ಕ್ಲಾಸು. ಕೂಡದು ಎಂದು ವಾದಿಸುವವರು ಹೋಟೆಲ್ ಮಾಲೀಕ ಮೋನಪ್ಪ. ಬಾಂದ್ರಾದಲ್ಲಿ ಅವರದೇ ಒಂದು ಇಂಗ್ಲಿಷ್ ಶಾಲೆಯಿದೆ. ಊಟವೂ ಅವರದೇ. (ವ್ಯಂಗ್ಯಕ್ಕಾಗಿ ಕಥೆಗಾರ ಬೆವರು ಸುರಿಸಬೇಕಾಗಲಿಲ್ಲ. ಸಂಘದವರು ರೆಡಿಮೇಡ್ ಒದಗಿಸಿದ್ದರು.)

ಹಿಂದಿನ ದಿನ ಶಶಿಕಾಂತ ಮನೆಯಲ್ಲಿ ಭಾಷಣ ಗಟ್ಟಿ ಮಾಡುತ್ತಿದ್ದಾಗ ನಿಷೇಧ ಅಂದರೇನೆಂದು ಆರೋಹಿ ಹಿಂದಿಯಲ್ಲಿ ಕೇಳಿದ್ದಳು. ಬ್ಯಾನ್ ಎಂದ ಅಪ್ಪ. ಹಾಗಾದರೆ ನನ್ನ ಸ್ಕೂಲೂ ಬಂದ್ ಆಗುತ್ತಾ ಎಂದಳು ಮಗಳು.

“ಇಲ್ಲ ಬೇಟಾ,” ಎಂದ ಶಶಿಕಾಂತ. “ಇದು ಬರೇ ಭಾಷಣ.”

ಅಡುಗೆಮನೆಯಲ್ಲಿದ್ದ ವಂದನಾಳಿಗೆ ಇದು ಕೇಳಿಸಿತು. ಅವಳ ಶಾಲೆಯಲ್ಲಿ ಮಕ್ಕಳು ಹೀಗೆಯೇ ಕಮ್ಮಿಯಾದರೆ ಕನ್ನಡ ವಿಭಾಗವನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿದ್ದರು. ಭಾಷಣ ಕೇಳಿದರಾದರೂ ಮಕ್ಕಳನ್ನು ಬಿಡಿಸಲಾರರೆಂದು ಅವಳು ತನ್ನ ಕ್ಲಾಸಿನ ಮಕ್ಕಳ ತಾಯಂದಿರನ್ನೆಲ್ಲ ಈ ಚರ್ಚೆಗೆ ಕರೆದಿದ್ದಳು.

೩

ಶಶಿಕಾಂತ ಚೆನ್ನಾಗಿಯೇ ಮಾತಾಡಿದ. ಕಥೆಗಾರನಿಗೆ ಅವನನ್ನು ಪೆದ್ದನಾಗಿಸುವ ಆಸೆಯಿತ್ತು, ಆಗಲಿಲ್ಲ. ಸಾಹೇಬರ ಮಗು, ಸಾಹೇಬರ ಕಾರು ಒರೆಸುವವನ ಮಗು ಒಂದೇ ಬೆಂಚಿನಲ್ಲಿ ಕೂತ ದಿನ ಶಾಲೆಯ ಸೋರುವ ಮಾಡು ತಾನಾಗಿ ರಿಪೇರಿಯಾಗುತ್ತದೆ, ಉಳ್ಳವರಿಗೆ ಓಡಿಹೋಗಲು ಬೇರೆ ಬಾಗಿಲಿರುವ ತನಕ ಬಡವರ ಶಾಲೆ ಬಡವಾಗಿಯೇ ಇರುತ್ತದೆ ಎಂದ. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಹಿಂದಿನ ಸಾಲಿನ ತಾಯಂದಿರನ್ನು ಬಿಟ್ಟರೆ ಚಪ್ಪಾಳೆ ತಟ್ಟಿದ ಒಬ್ಬರ ಮಗುವೂ ಸರ್ಕಾರಿ ಶಾಲೆಯಲ್ಲಿರಲಿಲ್ಲ.

ಮೋನಪ್ಪ ನಗುತ್ತಲೇ ಎದ್ದರು. “ಸರಕಾರಿ ಕ್ಯಾಂಟೀನಿನ ಚಾ ಸರಿ ಇಲ್ಲ ಅಂತ ನನ್ನ ಹೋಟ್ಲಿಗೆ ಬೀಗ ಹಾಕುದಾ? ಮೊದ್ಲು ಅಲ್ಲಿಯ ಚಾ ಸರಿ ಮಾಡಿ ಮಾರಾಯ್ರೆ.” ಅವರಿಗೂ ಅಷ್ಟೇ ಚಪ್ಪಾಳೆ. ಊಟದ ವಾಸನೆ ಬರುತ್ತಿತ್ತು. ಸಭೆ ಎರಡೂ ಕಡೆಗೆ ಉದಾರವಾಗಿತ್ತು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಹಿಂದಿನ ಸಾಲಿನಿಂದ ಚಂದ್ರವ್ವ ಎದ್ದಳು. ವಿಜಯಪುರ ಕಡೆಯವಳು, ವಿಕ್ರೋಳಿಯ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಮಗಳು ಭಾಗ್ಯಶ್ರೀ ವಂದನಾಳ ಕ್ಲಾಸಿನಲ್ಲಿದ್ದಳು.

“ಸಾಹೇಬ್ರು ಭಾಳ ಚೊಲೊ ಮಾತಾಡಿದ್ರಿ. ನಾ ನನ್ನ ಮಗಳ ಹೆಸರು ತಗಸಿ ಇಂಗ್ಲಿಷ್ ಸಾಲಿಗೆ ಹಾಕಬೇಕು ಅಂತ ಮಾಡೀನಿ. ನಿಮ್ಮ ಮಗಳು ನಮ್ಮ ಸಾಲಿಗೆ ಬರ್ತಾಳಂದ್ರ ನಾ ತಗಸೂದಿಲ್ಲ.”

ಶಶಿಕಾಂತ ಮೈಕು ಸರಿಮಾಡಿಕೊಂಡು, ನೀತಿಯ ಪ್ರಶ್ನೆ ಬೇರೆ, ವೈಯಕ್ತಿಕ ಪ್ರಶ್ನೆ ಬೇರೆ ಎಂದು ವಿವರಿಸತೊಡಗಿದ. ಸಭೆ ನಕ್ಕಿತು. ಚಂದ್ರವ್ವ ನಗಲಿಲ್ಲ. ಅವಳು ವಂದನಾಳ ಕಡೆ ತಿರುಗಿ ನಿಂತೇ ಇದ್ದಳು.

“ಬರ್ತಾಳ,” ಎಂದಳು ವಂದನಾ.

(ಇದು ಕಥೆಗಾರ ಬರೆದ ಮಾತಲ್ಲ. ಅವನ ಕರಡಿನಲ್ಲಿ ಅವಳು ತಲೆತಗ್ಗಿಸಿ ಕೂರಬೇಕಿತ್ತು, ಕಣ್ಣಂಚಿನಲ್ಲಿ ನೀರು ಇತ್ಯಾದಿ.)

೪

ಮನೆಯಲ್ಲಿ ಜಗಳವಾಯಿತು. ಗಂಡಹೆಂಡಿರ ಜಗಳವನ್ನು ನೀವು ಬೇಕಾದಷ್ಟು ಓದಿರುವುದರಿಂದ ಇಲ್ಲಿ ಬಿಟ್ಟಿದೆ. ಮಗಳ ಭವಿಷ್ಯದ ಜೊತೆ ಆಟ ಆಡಬೇಡ ಎಂದು ಶಶಿಕಾಂತ ಅಂದದ್ದನ್ನು ಮಾತ್ರ ಹೇಳಬೇಕು. ಹಾಗಾದರೆ ನನ್ನ ಕ್ಲಾಸಿನ ಮಕ್ಕಳಿಗೆ ಇರುವುದೇನು ಎಂದು ವಂದನಾ ಕೇಳಿದಳು. 

ಸೋಮವಾರ ಆರೋಹಿಯ ಶಾಲೆಗೆ ರಜೆಯಿತ್ತು. ವಂದನಾ ಅವಳನ್ನು ವಿಕ್ರೋಳಿಗೆ ಕರೆದೊಯ್ದಳು. ಕಥೆಗಾರ ಕೈ ಉಜ್ಜಿಕೊಂಡ. ಬಡ ಮಕ್ಕಳು, ಸಿರಿವಂತ ಮಗು, ಹಂಚಿ ತಿಂದ ಡಬ್ಬಿ. ಇಂಥದ್ದಕ್ಕೆ ಬಹುಮಾನಗಳೂ ಇವೆ. ಆದರೆ ಆರೋಹಿ ಸಿರಿವಂತೆಯಾಗಿರಲಿಲ್ಲ, ಡಬ್ಬಿಯಲ್ಲಿದ್ದುದನ್ನು ಯಾರಿಗೂ ಕೊಡಲಿಲ್ಲ. ಕನ್ನಡ ಓದಲು ಬಾರದೆ ಹಿಂದಿನ ಬೆಂಚಿನಲ್ಲಿ ಆಕಳಿಸಿದಳು.

ಮಧ್ಯಾಹ್ನದ ಬಿಡುವಿನಲ್ಲಿ ಅವಳಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಭಾಗ್ಯಶ್ರೀ ಜೊತೆಗೆ ಎದ್ದಳು.

“ಬಾ, ನಾ ಬಾಗಿಲಾ ಹಿಡೀತೀನಿ.”

ಬಾಗಿಲು ಯಾಕೆ ಹಿಡಿಯಬೇಕೆಂದು ಆರೋಹಿಗೆ ತಿಳಿಯಲಿಲ್ಲ. ಅಲ್ಲಿನ ಹುಡುಗಿಯರಿಗೆ ತಿಳಿದಿತ್ತು: ಚಿಲಕ ಇರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಎರಡೂ ಕೈಯಿಂದ ಬಾಗಿಲು ಎಳೆದು ನಿಲ್ಲಬೇಕು. ಆ ದಿನ ಓಡುತ್ತ ಬಂದ ಹುಡುಗನೊಬ್ಬ ಭಾಗ್ಯಶ್ರೀಗೆ ಡಿಕ್ಕಿ ಹೊಡೆದ. ಅವಳ ಕೈ ಜಾರಿತು, ಬಾಗಿಲು ಪೂರ್ತಿ ತೆರೆದುಕೊಂಡಿತು. ಅಂಗಳದ ಹುಡುಗರು ನಕ್ಕರು. ಆರೋಹಿ ಹೊರಗೆ ಬಂದವಳು ಅಳಲಿಲ್ಲ. ಅಮ್ಮನ ಟೇಬಲ್ಲಿನ ಕೆಳಗೆ ಹೋಗಿ ಕೂತಳು.

ಭಾಗ್ಯಶ್ರೀ ಬಂದು ನಡೆದದ್ದು ಹೇಳಿದಾಗ ವಂದನಾಳ ಮೈ ಉರಿಯಿತು. ಬಿಡುವಿನ ನಂತರದ ಕ್ಲಾಸನ್ನು ಹಾಗೆಯೇ ಬಿಟ್ಟು ಹೆಡ್‌ಮಾಸ್ತರ ಎದುರು ನಿಂತು, ಚಿಲಕ ಬರುವ ತನಕ ಪಾಠ ಮಾಡುವುದಿಲ್ಲ ಎಂದಳು. ಅವರು ಮೇಲಿನ ಆಫೀಸು, ಅನುಮತಿ ಎಂದು ಶುರುಮಾಡಿದಾಗ ಅವಳ ದನಿ ಬೀದಿಗೂ ಕೇಳುವಷ್ಟು ಏರಿತು. ಹೆಡ್‌ಮಾಸ್ತರರು ಫೋನು ಹಿಡಿದರು. ಶಾಲೆ ಬಿಡುವ ಮುಂಚೆ ಬಡಗಿ ಬಂದ, ಚಿಲಕ ಕೂರಿಸಿದ, ಹೋದ.

ಅಷ್ಟು ಸುಲಭವಿತ್ತು.

ಬಸ್ಸಿನಲ್ಲಿ ಮಗಳು ಮಡಿಲಿಗೆ ಒರಗಿದಳು. ಚಿಲಕ ಇಲ್ಲದ್ದು ವಂದನಾಳಿಗೆ ವರ್ಷಗಳಿಂದ ಗೊತ್ತಿತ್ತು. ಹುಡುಗಿಯರು ಜೋಡಿಯಾಗಿ ಹೋಗಿ ಬರುವುದನ್ನು ನೋಡಿ, ಎಷ್ಟು ಗೆಳೆತನ ಇವರದು ಎಂದು ಮೆಚ್ಚಿಕೊಂಡಿದ್ದಳು ಕೂಡ. ಗಂಡನ ಭಾಷಣದ ಒಂದೊಂದು ಮಾತೂ ನಿಜವಾಗಿತ್ತು. ಅದನ್ನು ನಿಜ ಮಾಡಿ ತೋರಿಸಿದವಳು ತಾನೇ ಎಂಬುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

೫

ಈಗ ಮುಗಿಸಬೇಕು. ಕಥೆಗಾರನಲ್ಲಿ ಮೂರು ಮುಕ್ತಾಯಗಳಿವೆ.

ಒಂದು: ಆರೋಹಿ ವಿಕ್ರೋಳಿ ಶಾಲೆಗೇ ಸೇರುತ್ತಾಳೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಊರಿನ ಮಕ್ಕಳೆಲ್ಲ ಹಿಂಬಾಲಿಸುತ್ತಾರೆ. (ಓದುಗರೇ, ನೀವೇ ನಗುತ್ತಿದ್ದೀರಿ.)

ಎರಡು: ಸರ್ಕಾರ ನಿಜಕ್ಕೂ ನಿಷೇಧಿಸುತ್ತದೆ. ಮರುದಿನ ಮೋನಪ್ಪ ‘ಸ್ಕೂಲ್’ ಎಂಬ ಬೋರ್ಡು ಇಳಿಸಿ ‘ಚಿಲ್ಡ್ರನ್ಸ್ ಕ್ಲಬ್’ ಎಂದು ಬರೆಸುತ್ತಾರೆ. ಉದ್ಘಾಟನೆಗೆ ಮಂತ್ರಿಗಳು, ಮಂತ್ರಿಗಳ ಮೊಮ್ಮಕ್ಕಳು.

ಮೂರು: ಭಾಷಣ ಮೆಚ್ಚಿದ ಮೋನಪ್ಪ ಆರೋಹಿಗೆ ಬಾಂದ್ರಾದ ಶಾಲೆಯಲ್ಲೇ ಸೀಟು ಕೊಡುತ್ತಾರೆ. (ಇದು ಮಾತ್ರ ಕಲ್ಪನೆಯಲ್ಲ. ಅವರು ಆ ದಿನ ಊಟದ ಪಂಕ್ತಿಯಲ್ಲೇ ಹೇಳಿದ್ದರು. ಶಶಿಕಾಂತ ಇಲ್ಲ ಎಂದಿರಲಿಲ್ಲ.)

ಆದರೆ ನಡೆದದ್ದು ಇದು. ಮಂಗಳವಾರ ಆರೋಹಿಗೆ ತನ್ನ ಶಾಲೆಯಲ್ಲಿ ಟೆಸ್ಟಿತ್ತು. ವಂದನಾ ಒಬ್ಬಳೇ ವಿಕ್ರೋಳಿಗೆ ಬಂದಳು. ಗೇಟಿನ ಹತ್ತಿರ ಚಂದ್ರವ್ವ ಕಾಯುತ್ತಿದ್ದಳು. ವಂದನಾಳ ಹಿಂದೆ, ಪಕ್ಕ ಯಾರೂ ಇಲ್ಲದ್ದನ್ನು ಅವಳು ನೋಡಿದಳು. ಬೈಯಲಿಲ್ಲ, ಚುಚ್ಚಲಿಲ್ಲ.

“ಅಕ್ಕೋರ, ನಮ್ಮ ಭಾಗ್ಯಾನ ಸಾಲಿ ಬಿಡೂ ಸರ್ಟಿಫಿಕೇಟ್ ಮಾಡಿಕೊಡ್ರಿ,” ಎಂದಳಷ್ಟೆ.

ವಂದನಾ ಮಾಡಿಕೊಟ್ಟಳು. ಆ ಸಂಜೆ ಶಶಿಕಾಂತ, ಅದೇ ಭಾಷಣಕ್ಕೆ ಥಾಣೆಯ ಕನ್ನಡ ಸಂಘದವರೂ ಕರೆದಿದ್ದಾರೆ ಎಂದ. ಅವಳು ಅವನ ಮುಖವನ್ನೇ ನೋಡಿ, ಹೋಗಿ ಬಾ, ನೀನು ಹೇಳುವುದರಲ್ಲಿ ತಪ್ಪಿಲ್ಲ ಎಂದಳು. ಅವನಿಗದು ಹೊಗಳಿಕೆಯಂತೆ ಕೇಳಿಸಿತು.

೬

ಕಥೆಗಾರನಿಗೆ ಇಷ್ಟು ಸಾಲದು. ಅವನು ವಂದನಾಳನ್ನು ಬಸ್‌ಸ್ಟಾಪಿನಲ್ಲಿ ಹಿಡಿದ. ಜೂನಿನಲ್ಲಿ ಮಗಳನ್ನು ಎಲ್ಲಿಗೆ ಸೇರಿಸುತ್ತೀರಿ, ಒಂದು ಸಾಲಿನಲ್ಲಿ ಹೇಳಿಬಿಡಿ, ಓದುಗರು ಕಾಯುತ್ತಿದ್ದಾರೆ ಎಂದು ಕೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಗಂಡನನ್ನೂ ಅವಳು ಹಾಗೆ ನೋಡಿರಲಿಲ್ಲ.

“ಜೂನ್‌ನಾಗ ಸಾಲಿಗೇ ಬಂದು ನೋಡ್ರಿ,” ಎಂದಳು. “ಬರೂವಾಗ ನಿಮ್ಮ ಮಕ್ಕಳನ್ನೂ ಕರಕೊಂಡ್ ಬರ್ರಿ. ಓದೋರಿಗೂ ಹೇಳ್ರಿ. ಜಾಗಾ ಬೇಕಾದಷ್ಟು ಖಾಲಿ ಐತಿ.”

ಬಸ್ಸು ಬಂತು, ಅವಳು ಹತ್ತಿದಳು. ಕಥೆಗಾರ ಇನ್ನೂ ಸ್ಟಾಪಿನಲ್ಲೇ ಇದ್ದಾನೆ, ನಿಮ್ಮ ಮುಖ ನೋಡುತ್ತ.